ಸೆಲ್ಫಿ ಅಶೋಕ

ಊರಿನ ಗೆಳೆಯರು ನಾಟಕಕ್ಕೆ ಪೋಸ್ಟರ್ ಮಾಡಿಕೊಡು, ಕಾಲೇಜು ಹುಡುಗರು ಬರ್ಬೇಕು ಅಂದ್ರು. ಬೆಂಗಳೂರಲ್ಲಿ ಕೋಡ್ ಕುಟ್ಟೋ ನಾನು ಮಸ್ಕಿಯವನು. ದೇವಾನಾಂಪ್ರಿಯ ಅಂದ್ರೆ ಅಶೋಕನೇ ಅಂತ ಖಾತ್ರಿ ಮಾಡಿದ, 1915ರಲ್ಲಿ ಸಿಕ್ಕ ನಮ್ಮೂರ ಶಾಸನ ಬಿಟ್ಟರೆ ಇನ್ನೇನು ಹೊಳೆಯುತ್ತೆ? ಬಂಡೆ ಮೇಲೆ ಸೆಲ್ಫಿ ತೆಗೀತಿರೋ ಅಶೋಕನ ಕಾರ್ಟೂನ್ ಬರೆದೆ. ಲಿಂಗಸುಗೂರಿನಲ್ಲಿ ಹುಡುಗರು ಪೋಸ್ಟರ್ ಜೊತೆ ಫೋಟೋ ತಗೊಂಡ್ರು. ನಾಟಕಕ್ಕೆ ಬಂದವರು ಮಾತ್ರ 11 ಜನ :(

"ಚಿತ್ರ ಚಲೋ ಐತಿ ಬಿಡಪಾ, ಇದ್ರಾಗ ನಮ್ಮ ನಾಟಕ ಎಲ್ಲೈತಿ?" ಅಂದ ಗೆಳೆಯ.

ನಾನು ನಾಟಕ ಓದೇ ಇರಲಿಲ್ಲ! ರಜೆ ಹಾಕಿ ತಾಲೀಮಿಗೆ ಹೋಗಿ ಕೂತೆ. ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆಗೆ ಹೊಲ ಇರೋ ಅಪ್ಪ, ಊರು ಬಿಟ್ಟ ಮಗ. ನಮ್ಮನೇ ಕಥೆ.

ಸಿಂಧನೂರಿನ ಪೋಸ್ಟರ್‌ಗೆ ರಾತ್ರಿ ಬ್ಯಾಟರಿ ಹಿಡಿದು ನೀರು ಕಾಯೋ ಅಪ್ಪನನ್ನ ಬರೆದೆ. ಆವತ್ತು ಹುಡುಗರ ನಡುವೆ ನಮ್ಮಪ್ಪನೂ ಬಂದು ಕೂತಿದ್ದ.

"ಆ ಬ್ಯಾಟರಿ ನಂದಲ್ಲೇನು?" ಅಂದ.