ಕಿಕ್ಕೇರಿಯಲ್ಲಿ ಒಬ್ಬ ಹೆಣ್ಣುಮಗಳು ಕಟ್ಟಿಸಿದ ಗುಡಿ

ಬೂಕನಕೆರೆಗೆ ಸೊಸೆಯಾಗಿ ಬಂದು ಇಪ್ಪತ್ತೆರಡು ವರ್ಷವಾಯಿತು. ತವರಿಗೆ ಹೋಗುವಾಗಲೆಲ್ಲ ಬಸ್ಸು ಕಿಕ್ಕೇರಿಯ ಮೇಲೇ ಹೋಗುತ್ತದೆ. ಆದರೂ ಒಮ್ಮೆಯೂ ಇಳಿದವಳಲ್ಲ. ಅದು ಕವಿ ಕೆ.ಎಸ್. ನರಸಿಂಹಸ್ವಾಮಿಯವರು ಹುಟ್ಟಿದ ಊರೆಂದಷ್ಟೇ ಗೊತ್ತಿತ್ತು. ಕಳೆದ ಕಾರ್ತಿಕದಲ್ಲಿ ನಮ್ಮತ್ತೆ, "ಅಲ್ಲಿ ಈಶ್ವರನ ಗುಡಿ ಐತಂತಲ್ಲ, ಒಂದು ದೀಪ ಹಚ್ಚಿ ಬರಾನ ನಡಿಯವ್ವ" ಎಂದರು. ಅಕ್ಕಿರೊಟ್ಟಿ, ಹುಚ್ಚೆಳ್ಳು ಚಟ್ನಿ ಕಟ್ಟಿಕೊಂಡು ಹೊರಟೆವು. ಕೆ.ಆರ್. ಪೇಟೆಯಲ್ಲಿ ಬಸ್ಸು ಬದಲಿಸಬೇಕು, ಅಷ್ಟೇ.

ಬ್ರಹ್ಮೇಶ್ವರನ ಗುಡಿ ಬೇಲೂರು, ಹಳೇಬೀಡಿನಷ್ಟು ದೊಡ್ಡದಲ್ಲ. ಒಂದೇ ಗರ್ಭಗುಡಿ, ಮೇಲೆ ಶಿಖರ, ಮುಂದೆ ಮಂಟಪ. ಕಟ್ಟಿರುವುದು ಬಳಪದ ಕಲ್ಲಿನಲ್ಲಿ. ನೆಲದಿಂದ ತೆಗೆದಾಗ ಮೆತ್ತಗಿದ್ದು, ಗಾಳಿಗೆ ಒಡ್ಡಿದಂತೆ ಗಟ್ಟಿಯಾಗುವ ಕಲ್ಲು ಇದು. ಅದಕ್ಕೇ ಅಷ್ಟು ನಾಜೂಕಿನ ಕೆತ್ತನೆ ಸಾಧ್ಯವಾಯಿತು.

ಇದನ್ನು ಕಟ್ಟಿಸಿದವರು ಯಾರು ಗೊತ್ತೇ? ಬಮ್ಮವ್ವೆ ನಾಯಕಿತಿ ಎಂಬ ಹೆಣ್ಣುಮಗಳು! 1171ರಲ್ಲಿ, ಹೊಯ್ಸಳ ದೊರೆ ಒಂದನೇ ನರಸಿಂಹನ ಕಾಲದಲ್ಲಿ.

ಆಗ ಗುಡಿ ಎಂದರೆ ಬರೀ ಪೂಜೆಯ ಜಾಗವಲ್ಲ. ಗುಡಿಗೆ ಗದ್ದೆ ದತ್ತಿ ಬಿಡುತ್ತಿದ್ದರು. ಅದರ ಭತ್ತದಿಂದ ದೇವರ ನೈವೇದ್ಯವೂ ಆಗಬೇಕು, ಪೂಜೆಯವರ, ವಾದ್ಯದವರ ಹೊಟ್ಟೆಯೂ ತುಂಬಬೇಕು. ನಂದಾದೀಪಕ್ಕೆ ಗಾಣದವರು ಎಣ್ಣೆ ಕೊಡುತ್ತಿದ್ದರು. ಗದ್ದೆಗೆ ನೀರು ಬೇಕಲ್ಲ, ಕೆರೆ ಕಟ್ಟಿಸುವುದಕ್ಕೂ ಏರಿ ದುರಸ್ತಿಗೂ ದಾನ ನಡೆಯುತ್ತಿತ್ತು. ಯಾರು ಏನು ಕೊಟ್ಟರೆಂದು ಕಲ್ಲಿನಲ್ಲಿ ಬರೆಸುತ್ತಿದ್ದರು. ಶಾಸನವೆಂದರೆ ಊರಿನ ಲೆಕ್ಕದ ಪುಸ್ತಕವೇ.

ಇದನ್ನೆಲ್ಲ ಹೇಳಿದಾಗ ಅತ್ತೆ ಹಣತೆಗೆ ಎಣ್ಣೆ ಹಾಕುತ್ತಿದ್ದವರು ಕೈ ತಡೆದು, "ಹೆಂಗಸಿನ ಹೆಸ್ರ ಕಲ್ಲಲ್ಲಿ ಬರ್ಸವ್ರಾ?" ಎಂದರು. ಐವತ್ತು ವರ್ಷ ಗದ್ದೆ ನಾಟಿ ಮಾಡಿದ ಕೈ ಅದು. ಬ್ಯಾಂಕಿನಲ್ಲಿ ಇವತ್ತಿಗೂ ಹೆಬ್ಬೆಟ್ಟೇ ಒತ್ತುವುದು. ನಾನು ಹತ್ತನೇ ಇಯತ್ತೆ ಓದಿದವಳು, ಇಷ್ಟು ವರ್ಷ ಜೊತೆಯಲ್ಲಿದ್ದೂ ಒಂದಕ್ಷರ ಕಲಿಸಿರಲಿಲ್ಲ. ಅವರ ಮಾತು ಕೇಳಿ ನನಗೇ ನಾಚಿಕೆಯಾಯಿತು.

ಮನೆಗೆ ಬಂದ ರಾತ್ರಿಯೇ ಅಟ್ಟದಿಂದ ಮಗಳ ಹಳೇ ಸ್ಲೇಟು ಇಳಿಸಿದೆ. ಬಳಪ ಹಿಡಿದರೆ ಅತ್ತೆಯ ಕೈ ನಡುಗುತ್ತದೆ. ಹೆಸರಿನ ಮೂರಕ್ಷರದಲ್ಲಿ ಎರಡು ಈಗ ಚೆನ್ನಾಗಿ ಬರುತ್ತವೆ. ಮೂರನೆಯದರ ಒತ್ತಕ್ಷರ ಮಾತ್ರ ಇನ್ನೂ ಹಟ ಮಾಡುತ್ತಿದೆ.

ಈ ಕಡೆ ಬಂದರೆ ಕಿಕ್ಕೇರಿಯಲ್ಲಿ ಇಳಿದು ನೋಡಿ. ನಿಮ್ಮೂರ ಗುಡಿಯ ಶಾಸನವನ್ನೂ ಬಲ್ಲವರಿಂದ ಓದಿಸಿ ಕೇಳಿ. ಅಲ್ಲೂ ಒಬ್ಬ ಬಮ್ಮವ್ವೆ ಇದ್ದರೂ ಇರಬಹುದು.