ಮನೆಯ ಫೋನೂ ಬೇಡದ ಕರೆಗಳೂ

ಹೊರನಾಡಿನಲ್ಲಿ ನೆಲೆಸಿದ ಹಿರಿಯರ ಮನೆಗಳಲ್ಲಿ ಸ್ಥಿರ ದೂರವಾಣಿ ಇನ್ನೂ ಉಳಿದಿರುವುದನ್ನು ಕಂಡು ಮಕ್ಕಳು ನಗುವುದುಂಟು. ಆದರೆ ಆ ಸಂಖ್ಯೆಗೆ ಊರಿನಲ್ಲಿ ಒಂದು ವಿಳಾಸವಿದೆ. ಕುಮಟೆಯ ಬಳಿಯ ನಮ್ಮ ಮೂಲಮನೆಯ ಜಗಲಿಯ ಗೋಡೆಯಲ್ಲಿ, ಗ್ಯಾಸ್ ಏಜೆನ್ಸಿ ಮತ್ತು ಲೈನ್‌ಮನ್ನನ ಸಂಖ್ಯೆಗಳ ನಡುವೆ, ಮುಲುಂಡಿನ ನಮ್ಮ ಮನೆಯ ಸಂಖ್ಯೆ 022 ಸಹಿತ ನೀಲಿ ಪೆನ್ಸಿಲಿನಲ್ಲಿ ಬರೆದಿದೆ. ಸಾವು, ನಾಮಕರಣ, ಬಂಡಿಹಬ್ಬ, ಅಡಿಕೆಯ ದರ ಎಲ್ಲವೂ ಈ ಸಂಖ್ಯೆಯ ಮೂಲಕವೇ ಆಯಿಯನ್ನು ತಲುಪುತ್ತ ಬಂದಿವೆ.

ಅದೇ ಸಂಖ್ಯೆ ಸಾಲ ಕೊಡುವವರಿಗೂ ವಿಮೆ ಮಾರುವವರಿಗೂ ಕರ್ಜತ್‌ನಲ್ಲಿ ನಿವೇಶನ ತೋರಿಸುವವರಿಗೂ ಸಿಕ್ಕಿತು. ದಿನಕ್ಕೆ ಐದಾರು ಕರೆಗಳು, ಹೆಚ್ಚಿನವು ಮಧ್ಯಾಹ್ನ. ಎಪ್ಪತ್ತೆಂಟರ ಆಯಿ ಮಂಡಿ ಹಿಡಿದುಕೊಂಡು ಎದ್ದು, ಗೋಡೆ ಹಿಡಿದು ಹಾಲಿಗೆ ಬಂದು ರಿಸೀವರ್ ಎತ್ತಿದರೆ, ಅತ್ತಣಿಂದ ಹಿಂದಿಯಲ್ಲಿ ಕ್ರೆಡಿಟ್ ಕಾರ್ಡಿನ ಮಾತು. ಕ್ರಮೇಣ ಆಕೆ ಮಧ್ಯಾಹ್ನ ಏಳುವುದನ್ನೇ ಬಿಟ್ಟಳು. ಅಂಥ ಒಂದು ಮಧ್ಯಾಹ್ನ ಕುಮಟೆಯ ಆಸ್ಪತ್ರೆಯಿಂದ ಅವಳ ಅಕ್ಕನ ಮಗ ಎರಡು ಸಲ ಕರೆ ಮಾಡಿದ್ದ. ಅಕ್ಕ ತಂಗಿಯೊಡನೆ ಮಾತಾಡಬೇಕೆಂದಿದ್ದಳು. ಸಂಜೆಯ ಹೊತ್ತಿಗೆ ಅಕ್ಕನಿಗೆ ಪ್ರಜ್ಞೆ ತಪ್ಪಿತ್ತು. "ಮಧ್ಯಾಹ್ನದ ಫೋನು ಅಂದ್ರೆ ಸಾಲದವ್ರದ್ದೇ ಅಂದ್ಕಂಡೆ" ಎಂದಷ್ಟೇ ಆಯಿ ಹೇಳಿದಳು. ಆ ಬಗ್ಗೆ ಮತ್ತೆ ಮಾತೆತ್ತಲಿಲ್ಲ.

ಫೋನನ್ನೇ ತೆಗೆಸಿಬಿಡೋಣವೆಂದು ಮನೆಯಲ್ಲಿ ಸಲಹೆ ಬಂತು. "ಹಂಗಾರೆ ಊರವ್ರು ಎಲ್ಲಿಗೆ ಮಾಡೂದು?" ಎಂಬ ಅವಳ ಪ್ರಶ್ನೆಗೆ ಯಾರಲ್ಲಿಯೂ ಉತ್ತರವಿರಲಿಲ್ಲ. ಕರೆಗಳನ್ನು ನಿಲ್ಲಿಸಬೇಕಿತ್ತು, ಫೋನನ್ನು ಉಳಿಸಿಕೊಳ್ಳಬೇಕಿತ್ತು.

ಇದಕ್ಕೊಂದು ಕಾನೂನಿನ ದಾರಿ ಬಹುಕಾಲದಿಂದ ಇದೆ. ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವು 2007ರಲ್ಲಿಯೇ ಬೇಡದ ವಾಣಿಜ್ಯ ಕರೆಗಳ ವಿರುದ್ಧ ರಾಷ್ಟ್ರೀಯ ನೋಂದಣಿಯನ್ನು ಆರಂಭಿಸಿತು. 2010ರಲ್ಲಿಯೂ 2018ರಲ್ಲಿಯೂ ನಿಯಮಗಳನ್ನು ಹೊಸದಾಗಿ ರಚಿಸಿತು. ಜನ ಇದನ್ನು ಡಿಎನ್‌ಡಿ ಎನ್ನುತ್ತಾರೆ. ಇದು ಮೊಬೈಲಿಗಷ್ಟೇ ಸೀಮಿತವಲ್ಲ. ಸ್ಥಿರ ದೂರವಾಣಿಯಿಂದಲೂ 1909ಕ್ಕೆ ಕರೆ ಮಾಡಿ ಉಚಿತವಾಗಿ ನೋಂದಾಯಿಸಬಹುದು. ಎಲ್ಲ ಬಗೆಯ ಪ್ರಚಾರವನ್ನೂ ತಡೆಯಬಹುದು, ಅಥವಾ ಬ್ಯಾಂಕು, ನಿವೇಶನ, ಶಿಕ್ಷಣ, ಆರೋಗ್ಯ ಮುಂತಾದ ವರ್ಗಗಳಲ್ಲಿ ಬೇಕಾದುದನ್ನು ಮಾತ್ರ ಉಳಿಸಿಕೊಳ್ಳಬಹುದು. ನಾವು ಎಲ್ಲವನ್ನೂ ತಡೆದೆವು.

ಕರೆಗಳು ಅರ್ಧಕ್ಕಿಳಿದವು. ಉಳಿದರ್ಧ ನೋಂದಾಯಿಸಿಕೊಳ್ಳದೆ ಸಾಮಾನ್ಯ ಹತ್ತಂಕಿಯ ಸಂಖ್ಯೆಗಳಿಂದ ಮಾರಾಟ ನಡೆಸುವವರದು. ಅವರನ್ನು ತಡೆಯಲು ದೂರು ಬೇಕು, ದೂರಿಗೆ ಸಂಖ್ಯೆ ಬೇಕು. ಹಳೆಯ ಫೋನಿನಲ್ಲಿ ಸಂಖ್ಯೆ ಕಾಣುತ್ತಿರಲಿಲ್ಲ. ಕರೆ ಮಾಡಿದವರ ಸಂಖ್ಯೆ ತೋರಿಸುವ ಪುಟ್ಟ ಪರದೆಯ ಫೋನು ತಂದು, ಆ ಸೌಲಭ್ಯವನ್ನು ಮಾಡಿಸಿಕೊಂಡೆವು. ಆಯಿ ಹಾಲಿನ ಲೆಕ್ಕದ ಪುಸ್ತಕದ ಹಿಂಬದಿಯಲ್ಲಿ ತಾರೀಖು, ಹೊತ್ತು, ಸಂಖ್ಯೆಗಳನ್ನು ಕನ್ನಡ ಅಂಕಿಗಳಲ್ಲಿ ಬರೆದಿಡತೊಡಗಿದಳು.

ತೊಡಕು ಬಂದದ್ದು ಗಡುವಿನದು. 2018ರ ನಿಯಮದಂತೆ ಕರೆ ಬಂದ ಮೂರು ದಿನಗಳೊಳಗೆ ದೂರು ಕೊಡಬೇಕಿತ್ತು. ನಾನು ಉದ್ಯೋಗದ ನಿಮಿತ್ತ ಪುಣೆಯಲ್ಲಿದ್ದು ಶನಿವಾರವಷ್ಟೇ ಮನೆಗೆ ಬರುವವನು. 1909ರಲ್ಲಿ ಒತ್ತಬೇಕಾದ ಅಂಕಿಗಳ ಸರಣಿ ಆಯಿಗೆ ಒಗ್ಗದು. ಹೀಗಾಗಿ ಸೋಮವಾರ, ಮಂಗಳವಾರದ ಕರೆಗಳೆಲ್ಲ ಪುಸ್ತಕದಲ್ಲಿಯೇ ಉಳಿಯುತ್ತಿದ್ದವು. 2025ರ ಫೆಬ್ರವರಿಯ ತಿದ್ದುಪಡಿ ಈ ಗಡುವನ್ನು ಏಳು ದಿನಕ್ಕೆ ಏರಿಸಿತು. ನೋಂದಾಯಿಸದ ಕರೆಗಾರರ ಮೇಲೆ ಕ್ರಮ ಕೈಗೊಳ್ಳಲು ಇದ್ದ ಮೂವತ್ತು ದಿನಗಳ ಅವಧಿ ಐದು ದಿನಕ್ಕಿಳಿಯಿತು. ಹತ್ತು ದಿನಗಳಲ್ಲಿ ಐದು ದೂರುಗಳು ಬಂದರೂ ಕ್ರಮಕ್ಕೆ ಸಾಕೆಂದಾಯಿತು. ದೆಹಲಿಯಲ್ಲಿ ಕುಳಿತು ಬರೆದ ಒಂದು ನಿಯಮ ಮುಲುಂಡಿನ ಹಾಲಿನ ಪುಸ್ತಕಕ್ಕೆ ಇಷ್ಟು ಸರಿಯಾಗಿ ಹೊಂದೀತೆಂದು ನಾನು ಎಣಿಸಿರಲಿಲ್ಲ. ಈಗ ಶನಿವಾರ ಸಂಜೆ ಚಹಾ ಕುಡಿದ ಬಳಿಕ ಆಯಿ ಓದುತ್ತಾಳೆ, ನಾನು ದೂರು ದಾಖಲಿಸುತ್ತೇನೆ.

ಆಯಿ ಅಂಕಿಗಳ ಗುರುತು ಕಲಿತಿದ್ದಾಳೆ. 140ರಿಂದ ಆರಂಭವಾದರೆ ಮಾರಾಟದ ಕರೆ. 1600ರಿಂದ ಆರಂಭವಾದರೆ ಬ್ಯಾಂಕಿನಂಥ ಸಂಸ್ಥೆಗಳ ಅಥವಾ ಸರಕಾರದ ಸೇವಾ ಕರೆ. 08386 ಎಂದರೆ ಕುಮಟೆ. ಡಿಎನ್‌ಡಿ ಸೇವಾ ಕರೆಗಳನ್ನು ತಡೆಯುವುದಿಲ್ಲ. ನಾವೇ ಯಾವುದೋ ಅರ್ಜಿಯಲ್ಲಿ ಒಪ್ಪಿಗೆಯ ಗುರುತು ಹಾಕಿದ್ದರೆ ಅವರ ಕರೆಗಳೂ ಬರುತ್ತವೆ. ಆ ಒಪ್ಪಿಗೆಯನ್ನು ಹಿಂದೆಗೆದುಕೊಳ್ಳಬೇಕು. ವಂಚಕರಿಗಂತೂ ಯಾವ ನೋಂದಣಿಯ ಅಂಜಿಕೆಯೂ ಇಲ್ಲ. ಹಣ ಕಳೆದುಕೊಂಡವರು ತಡಮಾಡದೆ ಕರೆ ಮಾಡಬೇಕಾದ ಸಂಖ್ಯೆ 1930.

ಕರೆ ಮಾಡುವ ಹುಡುಗ ಹುಡುಗಿಯರನ್ನು ಆಯಿ ಎಂದೂ ಗದರಿದವಳಲ್ಲ. "ಬೇಡ ಮಗಾ" ಎಂದು ಕನ್ನಡದಲ್ಲಿಯೇ ಹೇಳಿ ರಿಸೀವರ್ ಇಡುತ್ತಾಳೆ, ಆಮೇಲೆ ಸಂಖ್ಯೆ ಬರೆದುಕೊಳ್ಳುತ್ತಾಳೆ. ಅವರು ಹೊಟ್ಟೆಪಾಡಿಗೆ ಯಾರೋ ಬರೆದುಕೊಟ್ಟದ್ದನ್ನು ಓದುವವರೆಂದು ಅವಳಿಗೆ ಗೊತ್ತು.

ನಿಮ್ಮ ಮನೆಯಲ್ಲಿಯೂ ಇಂಥ ಹಳೆಯ ಸಂಖ್ಯೆಯೊಂದಿದ್ದರೆ, ಅದರ ಬಳಿ ಹಿರಿಯರೊಬ್ಬರು ಹಗಲೆಲ್ಲ ಒಂಟಿಯಾಗಿದ್ದರೆ, ಮುಂದಿನ ಭೇಟಿಯಲ್ಲಿ ಅರ್ಧ ಗಂಟೆ ಇದಕ್ಕೆಂದು ತೆಗೆದಿಡಿ. ಈಗಲೂ ನಮ್ಮಲ್ಲಿ ವಾರಕ್ಕೆ ಮೂರು ನಾಲ್ಕು ಬೇಡದ ಕರೆಗಳು ಬರುತ್ತವೆ. ಆದರೆ ಮಧ್ಯಾಹ್ನ ಫೋನು ಬಡಿದುಕೊಂಡರೆ ಆಯಿ ಮತ್ತೆ ಏಳುತ್ತಾಳೆ.