ಬೇಟೆಕೋವಿಯ ಮೇಲೊಂದು ಕೆಂಪು ಚುಕ್ಕಿ

ವಸಂತದಲ್ಲಿ ಟರ್ಕಿ ಕೋಳಿಯ ಬೇಟೆಗೆಂದು ಮಿಷಿಗನ್ನಿನ ಕಾಡುಗಳಿಗೆ ಹೋಗುವವರು ನಮ್ಮ ಸಂಘದಲ್ಲಿ ಬೆರಳೆಣಿಕೆಯಷ್ಟು ಮಂದಿ ಮಾತ್ರ. ಆದರೂ ಯುಗಾದಿ ಊಟದ ಪಂಕ್ತಿಯಲ್ಲಿ ಈ ಮಾತು ಬಂದಾಗ ಮೂವರು ಒಂದೇ ಪ್ರಶ್ನೆ ಕೇಳಿದರು: ಕೋವಿಗೆ ರೆಡ್ ಡಾಟ್ ಹಾಕಿಸಬೇಕೆ, ಹಾಕಿಸುವುದಾದರೆ ಎಂಥದ್ದು? ಒಬ್ಬಟ್ಟು ಬಡಿಸುವವರು ಬಂದುದರಿಂದ ಅಲ್ಲಿ ಅರ್ಧಕ್ಕೆ ನಿಂತ ಉತ್ತರವನ್ನು ಇಲ್ಲಿ ಮುಂದುವರಿಸುತ್ತೇನೆ.

ನಾನು ಬೆಳೆದದ್ದು ಕೊಡಗಿನಲ್ಲಿ. ಕೈಲ್ ಪೊಳ್ದ್ ಹಬ್ಬದಂದು ತೋಕ್ ಪೂ ಮುಡಿಸಿ ಕೋವಿಗೆ ಪೂಜೆ ಮಾಡುವುದು, ಆಮೇಲೆ ಎತ್ತರದಲ್ಲಿ ಕಟ್ಟಿದ ತೆಂಗಿನಕಾಯಿಗೆ ಈಡು ಹೊಡೆಯುವುದು ನಮ್ಮಲ್ಲಿನ ರೂಢಿ. ಜೋಡುನಳಿಗೆಯ ಕೋವಿಗೆ ಹಿಂಭಾಗದಲ್ಲಿ ಗುರಿಕಟ್ಟು ಇರುವುದಿಲ್ಲ. ನಳಿಗೆಯ ತುದಿಯಲ್ಲಿ ಒಂದು ಹಿತ್ತಾಳೆಯ ಮಣಿ, ಅಷ್ಟೇ. ಹಿಂದಿನ ಗುರಿಕಟ್ಟಿನ ಕೆಲಸವನ್ನು ಮಾಡಬೇಕಾದದ್ದು ನಮ್ಮ ಕಣ್ಣು. ಕೆನ್ನೆಯನ್ನು ಸ್ಟಾಕಿಗೆ ಪ್ರತಿಸಲವೂ ಒಂದೇ ಕಡೆ ಒತ್ತಿದರೆ ಮಾತ್ರ ಆ ಕಣ್ಣು ತನ್ನ ಸ್ಥಾನದಲ್ಲಿ ನಿಲ್ಲುತ್ತದೆ. ಕೆನ್ನೆ ಕೊಂಚ ಮೇಲೆದ್ದರೂ ಈಡು ಗುರಿಯ ಮೇಲಿನಿಂದ ಹಾರಿಹೋಗುತ್ತದೆ. ಇದನ್ನು ನನ್ನ ತಂದೆಯವರು ತಮ್ಮ ಬೆರಳಿನಿಂದ ನನ್ನ ಕೆನ್ನೆಯನ್ನು ಮರಕ್ಕೆ ಒತ್ತಿ ಕಲಿಸಿದ್ದರು.

ಐವತ್ತು ದಾಟಿದ ಮೇಲೆ ಆ ಮಣಿ ಮಂಜಾಗತೊಡಗಿತು. ಮಣಿಯನ್ನು ನೋಡಿದರೆ ಹಕ್ಕಿ ಕಾಣದು, ಹಕ್ಕಿಯನ್ನು ನೋಡಿದರೆ ಮಣಿ ಎರಡಾಗುತ್ತದೆ. “ಕಾಣದಿದ್ದರೆ ಬಿಟ್ಟುಬಿಡಿ, ಅಂಗಡಿಯಲ್ಲಿ ಕೋಳಿ ಸಿಗುತ್ತದೆ” ಎಂದು ನನ್ನ ಹೆಂಡತಿ ಹೇಳಿದ್ದು ತಮಾಷೆಗಲ್ಲ. ಗಾಯಗೊಂಡು ಪೊದೆಯೊಳಗೆ ನುಸುಳಿ ಎರಡು ದಿನ ನರಳಿ ಸಾಯುವ ಹಕ್ಕಿಯ ಹೊಣೆ ಹೊತ್ತುಕೊಳ್ಳಲಾರದವನು ಕೋವಿಯನ್ನು ಕೆಳಗಿಡಬೇಕು. ನನ್ನ ಮುಂದೆ ಇದ್ದದ್ದು ಅದೇ ಪ್ರಶ್ನೆ.

ಟರ್ಕಿಯ ಬೇಟೆಯಲ್ಲಿ ಇದು ಇನ್ನೂ ಬಿಗಿಯಾದ ಪ್ರಶ್ನೆ. ಹಾರುವ ಬಾತಿಗೆ ಹೊಡೆಯುವಾಗ ಚರೆಗಳು ಅಗಲವಾಗಿ ಹರಡುತ್ತವೆ. ಟರ್ಕಿಗೆ ಹೊಡೆಯುವುದು ನಿಂತಿರುವಾಗ, ತಲೆ ಮತ್ತು ಕುತ್ತಿಗೆಗೆ. ಅದಕ್ಕೆಂದೇ ನಳಿಗೆಯ ಬಾಯಿಗೆ ತೀರ ಕಿರಿದಾದ ಚೋಕ್ ತಿರುಗಿಸಿರುತ್ತೇವೆ. ಹತ್ತು ಗಜದಲ್ಲಿ ಆ ಚರೆಗಳ ಗುಂಪು ಮುಷ್ಟಿಯಷ್ಟೇ ಇರುತ್ತದೆ. ಹಕ್ಕಿ ಹತ್ತಿರ ಬಂದಷ್ಟೂ ತಪ್ಪುವ ಸಂಭವ ಹೆಚ್ಚು ಎಂಬ ವಿಚಿತ್ರ ಸ್ಥಿತಿ ಇದು.

ರೆಡ್ ಡಾಟ್ ಎಂದರೆ ಸಿನಿಮಾದಲ್ಲಿ ಶತ್ರುವಿನ ಎದೆಯ ಮೇಲೆ ಬೀಳುವ ಲೇಸರ್ ಅಲ್ಲ. ಇದು ಹಕ್ಕಿಯ ಮೇಲೆ ಏನನ್ನೂ ಬೀರುವುದಿಲ್ಲ. ಒಂದು ಪುಟ್ಟ ಎಲ್‌ಇಡಿಯ ಕೆಂಪು ಬೆಳಕು ಬಾಗಿದ ಗಾಜಿಗೆ ತಾಗಿ ನಮ್ಮ ಕಣ್ಣಿನತ್ತ ಸಮಾನಾಂತರವಾಗಿ ಮರಳುತ್ತದೆ. ಆದ್ದರಿಂದ ಚುಕ್ಕಿ ದೂರದಲ್ಲೇ ತೇಲುತ್ತಿರುವಂತೆ ತೋರುತ್ತದೆ. ಕಣ್ಣು ಹಕ್ಕಿಯನ್ನೇ ನೋಡುತ್ತಿರಬಹುದು, ಚುಕ್ಕಿಯೂ ಅಲ್ಲೇ ಸ್ಪಷ್ಟ. ಪ್ರತಿಫಲನದ ಈ ಉಪಾಯಕ್ಕೆ ಡಬ್ಲಿನ್ನಿನ ಹೋವರ್ಡ್ ಗ್ರಬ್ 1900ರಲ್ಲೇ ಪೇಟೆಂಟ್ ಪಡೆದಿದ್ದನು. ವಿದ್ಯುತ್ತಿನ ಚುಕ್ಕಿಯನ್ನು ಸ್ವೀಡನ್ನಿನ ಏಮ್‌ಪಾಯಿಂಟ್ ಮಾರುಕಟ್ಟೆಗೆ ತಂದದ್ದು 1975ರಲ್ಲಿ. ಮುಪ್ಪಿನ ಕಣ್ಣಿಗೆ ಇದಕ್ಕಿಂತ ಒಳ್ಳೆಯ ಸಹಾಯವನ್ನು ನಾನು ಕಂಡಿಲ್ಲ.

ಕೊಳ್ಳುವ ಮುನ್ನ ಅಂಗಡಿಯಲ್ಲಿ ಒಂದು ಪರೀಕ್ಷೆ ಮಾಡಿ. ಚುಕ್ಕಿ ದುಂಡಗೆ ಕಾಣದೆ ಬಾಲವಿರುವ ನಕ್ಷತ್ರದಂತೆ ಕಂಡರೆ, ಅದೇ ಗಾಜನ್ನು ಫೋನಿನ ಕ್ಯಾಮೆರಾದ ಮೂಲಕ ನೋಡಿ. ಅಲ್ಲಿ ದುಂಡಗಿದ್ದರೆ ದೋಷ ಯಂತ್ರದ್ದಲ್ಲ, ನಿಮ್ಮ ಕಣ್ಣಿನ ಅಸ್ಟಿಗ್ಮ್ಯಾಟಿಸಮ್ಮಿನದು. ಸರಿಯಾದ ಕನ್ನಡಕದೊಂದಿಗೆ ಮತ್ತೆ ನೋಡಬೇಕು. ಚುಕ್ಕಿಯ ಗಾತ್ರವನ್ನು ಎಂಓಎ ಎಂಬ ಕೋನಮಾನದಲ್ಲಿ ಹೇಳುತ್ತಾರೆ. 3 ಎಂಓಎ ಚುಕ್ಕಿ 40 ಗಜದಲ್ಲಿ ಸುಮಾರು ಒಂದೂಕಾಲು ಇಂಚನ್ನು ಮರೆಮಾಡುತ್ತದೆ. ಕುತ್ತಿಗೆಗೆ ಗುರಿಯಿಡುವವರಿಗೆ ಅದಕ್ಕಿಂತ ತೀರ ದೊಡ್ಡದು ಬೇಡವೆಂದು ನನ್ನ ಅಭಿಪ್ರಾಯ. ಬೆಳಕನ್ನು ಬಹಳ ಕಡಿಮೆ ಮಾಡುವಂತಿರಬೇಕು, ಏಕೆಂದರೆ ಬೇಟೆ ಆರಂಭವಾಗುವುದು ಸೂರ್ಯೋದಯಕ್ಕೆ ಅರ್ಧಗಂಟೆ ಮೊದಲು. ಆ ಮಬ್ಬಿನಲ್ಲಿ ಉರಿಯುವ ಚುಕ್ಕಿ ಹಕ್ಕಿಯನ್ನೇ ನುಂಗಿಬಿಡುತ್ತದೆ. ಬ್ಯಾಟರಿಯನ್ನು ಮೇಲಿನಿಂದಲೋ ಪಕ್ಕದಿಂದಲೋ ಬದಲಿಸುವಂತಿದ್ದರೆ ಉತ್ತಮ. ಅಡಿಯಲ್ಲಿದ್ದರೆ ಪ್ರತಿಸಲವೂ ಯಂತ್ರವನ್ನು ಕಳಚಿ ಮತ್ತೆ ಗುರಿ ಪರೀಕ್ಷಿಸಬೇಕಾಗುತ್ತದೆ.

ಕೂರಿಸುವ ಕೆಲಸಕ್ಕೆ ಜನ ಯೋಚನೆ ಕೊಡುವುದು ಕಡಿಮೆ. ನನ್ನ ದೃಷ್ಟಿಯಲ್ಲಿ ಆಯ್ಕೆಗಿಂತ ಅದು ಮುಖ್ಯ. ನನ್ನದು ಮಾಸ್‌ಬರ್ಗ್ 500. ಅದರ ಮೇಲ್ಭಾಗದಲ್ಲಿ ತಿರುಪಿನ ರಂಧ್ರಗಳು ಕಾರ್ಖಾನೆಯಿಂದಲೇ ಬಂದಿರುತ್ತವೆ. ಹಳೆಯ ಕೋವಿಗಳಲ್ಲಿ ಇವು ಇಲ್ಲದಿದ್ದರೆ ನುರಿತ ಗನ್‌ಸ್ಮಿತ್ ಬಳಿಗೆ ಒಯ್ಯಿರಿ. ರಂಧ್ರಗಳ ಎಣ್ಣೆಯನ್ನು ಆಲ್ಕೋಹಾಲಿನಿಂದ ಒರೆಸಿ, ತಿರುಪಿಗೆ ನೀಲಿ ಥ್ರೆಡ್‌ಲಾಕರಿನ ಒಂದು ಹನಿ ಹಾಕಿ, ತಯಾರಕರು ಹೇಳಿದ ಬಲಕ್ಕೆ ಮಾತ್ರ ಟಾರ್ಕ್ ಡ್ರೈವರಿನಿಂದ ಬಿಗಿದೆ. ಕೈಬಲದ ಅಂದಾಜು ಇಲ್ಲಿ ನಡೆಯದು. ತಿರುಪು ಉದ್ದವಾಗಿ ಒಳಗೆ ಇಣುಕಿದರೆ ಬೋಲ್ಟಿಗೆ ತಾಗುತ್ತದೆ, ಆದ್ದರಿಂದ ಖಾಲಿ ಕೋವಿಯನ್ನು ನಾಲ್ಕಾರು ಬಾರಿ ಹಿಂದೆಮುಂದೆ ಎಳೆದು ನೋಡಬೇಕು. ಕೊನೆಗೆ ತಿರುಪಿನ ತಲೆಯಿಂದ ಪಟ್ಟಿಯವರೆಗೆ ಬಿಳಿ ಬಣ್ಣದ ಸಣ್ಣ ಗೆರೆ ಎಳೆದೆ. ತಿರುಪು ಸಡಿಲಿದರೆ ಗೆರೆ ಮುರಿಯುತ್ತದೆ.

ಯಂತ್ರ ಕುಳಿತ ಮೇಲೆ ಕಣ್ಣು ಮೊದಲಿಗಿಂತ ಎತ್ತರದಲ್ಲಿರಬೇಕಾಗುತ್ತದೆ. ಆಗ ಕೆನ್ನೆ ಗಾಳಿಯಲ್ಲಿ ತೇಲುತ್ತದೆ, ತಂದೆಯವರ ಪಾಠವೆಲ್ಲ ವ್ಯರ್ಥ. ಸಾಧ್ಯವಾದಷ್ಟು ತಗ್ಗಾದ ಮೌಂಟ್ ಕೊಂಡು, ಸ್ಟಾಕಿಗೆ ಕೆನ್ನೆಮೆತ್ತೆ ಕಟ್ಟಿದೆ. ಕಣ್ಣು ಮುಚ್ಚಿ ಕೋವಿಯನ್ನು ಭುಜಕ್ಕೇರಿಸಿ ತೆರೆದಾಗ ಚುಕ್ಕಿ ಹುಡುಕದೆಯೇ ಕಾಣಬೇಕು.

ಗುರಿ ಹೊಂದಿಸಲು ಮೊದಲು ಅಗ್ಗದ, ಹಗುರವಾದ ತೋಟಾಗಳಿಂದ 20 ಗಜದಲ್ಲಿ ಸ್ಥೂಲವಾಗಿ ಸರಿಮಾಡಿದೆ. ನಂತರ ಬೇಟೆಗೆ ಬಳಸುವ ತೋಟಾದಿಂದಲೇ, ಅದೇ ಚೋಕಿನಿಂದ, 40 ಗಜದಲ್ಲಿ ದೊಡ್ಡ ಕಾಗದಕ್ಕೆ ಮೂರು ಈಡು. ಪ್ರತಿ ಈಡಿಗೂ ಬೇರೆ ಕಾಗದ. ಮೂರರಲ್ಲೂ ಚರೆಗಳು ದಟ್ಟವಾಗಿದ್ದ ಭಾಗದ ನಡುಮಧ್ಯ ಚುಕ್ಕಿಗಿಂತ ನಾಲ್ಕು ಇಂಚು ಎಡಕ್ಕಿತ್ತು. ಒಂದು ಕ್ಲಿಕ್ಕಿಗೆ 1 ಎಂಓಎ, ಅಂದರೆ ಆ ದೂರದಲ್ಲಿ ಸುಮಾರು 0.4 ಇಂಚು, ಹತ್ತು ಕ್ಲಿಕ್ ಬಲಕ್ಕೆ. ಭುಜಕ್ಕೆ ಮರುದಿನ ಅರಿಶಿನದ ಪಟ್ಟು ಬೇಕಾಯಿತು.

ಈ ಸಾಧನದಲ್ಲಿ ನನಗೆ ಹೆದರಿಕೆ ಹುಟ್ಟಿಸುವುದು ಒಂದೇ: ಚುಕ್ಕಿ ಎಪ್ಪತ್ತು ಗಜದ ಹಕ್ಕಿಯ ಮೇಲೂ ಅಷ್ಟೇ ನೆಮ್ಮದಿಯಾಗಿ ಕೂರುತ್ತದೆ. ದೂರವನ್ನು ಅದು ಹೇಳುವುದಿಲ್ಲ. ನಾನು ಕುಳಿತ ಮರದಿಂದ 40 ಗಜಕ್ಕೆ ಒಂದು ಕಡ್ಡಿ ನೆಟ್ಟು ಬರುತ್ತೇನೆ, ಅದರಾಚೆಯದು ನನ್ನದಲ್ಲ.

ಹೊಸಬರಿಗೆ ಎರಡು ಮಾತು. 1960ರ ಜನವರಿ 1ರಂದು ಅಥವಾ ನಂತರ ಹುಟ್ಟಿದವರು ಮಿಷಿಗನ್ನಿನಲ್ಲಿ ಬೇಟೆ ಪರವಾನಗಿ ಕೊಳ್ಳುವ ಮೊದಲು ಸುರಕ್ಷತಾ ಶಿಕ್ಷಣ ಪಡೆದಿರಬೇಕು. ಎಚ್-1ಬಿ ಮುಂತಾದ ತಾತ್ಕಾಲಿಕ ವೀಸಾದಲ್ಲಿರುವವರು ಸಾಮಾನ್ಯವಾಗಿ ಕೋವಿ ಹೊಂದುವುದೇ ಕೇಂದ್ರ ಕಾನೂನಿನ ಪ್ರಕಾರ ನಿಷಿದ್ಧ. ಬೇಟೆ ಪರವಾನಗಿ ಉಳ್ಳವರಿಗೆ ವಿನಾಯಿತಿ ಇದೆ, ಆದರೆ ವಕೀಲರನ್ನು ಕೇಳದೆ ಮುಟ್ಟಬೇಡಿ. ಊರಿನ ಅಣ್ಣನೊಬ್ಬ “ಬರುವಾಗ ನನಗೂ ಒಂದು ತಾ” ಎಂದಿದ್ದಾನೆ. ಇಂಥ ಗುರಿಯಂತ್ರಗಳು ಅಮೆರಿಕದ ರಫ್ತು ನಿಯಂತ್ರಣಕ್ಕೆ ಒಳಪಟ್ಟಿವೆ, ಸೂಟ್‌ಕೇಸಿನಲ್ಲಿ ಸುಮ್ಮನೆ ಹಾಕಿಕೊಂಡು ಹೋಗುವ ವಸ್ತುವಲ್ಲವೆಂದು ಅವನಿಗೆ ತಿಳಿಸಿದ್ದೇನೆ. 1972ರ ವನ್ಯಜೀವಿ ಕಾಯಿದೆಯ ನಂತರ ಅಲ್ಲಿನ ಕೋವಿಗೆ ಉಳಿದಿರುವ ಗುರಿ ತೆಂಗಿನಕಾಯಿ. ಅದಕ್ಕೆ ಮಣಿಯೇ ಸಾಕೆಂದೂ ಸೇರಿಸಿದೆ. ಅವನಿನ್ನೂ ಮುನಿಸಿಕೊಂಡಿದ್ದಾನೆ.

ಈ ಮೇ ತಿಂಗಳ ಎರಡನೆಯ ವಾರದಲ್ಲಿ, ಮೂರು ಮುಂಜಾನೆ ಬರಿಗೈಯಲ್ಲಿ ಮರಳಿದ ಮೇಲೆ, ಎದೆಯಲ್ಲಿ ಗಡ್ಡ ಜೋಲುವ ಗಂಡು ಹಕ್ಕಿಯೊಂದು ಕಡ್ಡಿಯಿಂದ ಹತ್ತು ಹೆಜ್ಜೆ ಈಚೆಗೆ ಬಂದು ಕತ್ತೆತ್ತಿತು. ಬಿದ್ದಲ್ಲಿಂದ ಅದು ಏಳಲಿಲ್ಲ. ತೊಡೆಯ ಮಾಂಸಕ್ಕೆ ಕಾಚಂಪುಳಿ ಹಾಕಿ ಮಾಡಿದ ಸಾರನ್ನು, ಅಂಗಡಿಯ ಕೋಳಿಯನ್ನು ಶಿಫಾರಸು ಮಾಡಿದವರೇ ಎರಡು ಸಲ ಬಡಿಸಿಕೊಂಡರು. ಸಂಜೆ ಕೋವಿಯನ್ನು ಒರೆಸಿ ಕಪಾಟಿನಲ್ಲಿಡುವಾಗ ನೋಡಿದೆ, ಬಿಳಿ ಗೆರೆ ಮುರಿದಿರಲಿಲ್ಲ.